ಕನ್ನಡ ಕೀಲಿಮಣೆಗಳ ವಿನ್ಯಾಸಭೇದ: ಒಂದು ವಿಮರ್ಶೆ

ಗಣಕಯಂತ್ರವು ಲೇಖನಿಯ ಸ್ಥಾನವನ್ನು ಆಕ್ರಮಿಸಿರುವ ಈ ಕಾಲದಲ್ಲಿ, ಕೀಲಿಮಣೆಯ ಪ್ರಶ್ನೆಯನ್ನು ತಂತ್ರಜ್ಞರಿಗೇ ಬಿಟ್ಟು ಅಧ್ಯಾಪಕರಾದ ನಾವು ಉದಾಸೀನರಾಗಿರುವುದು ಯುಕ್ತವಲ್ಲ. ನಾಗರಬಾವಿಯ ಆಸುಪಾಸಿನಲ್ಲಿದ್ದು ಜ್ಞಾನಭಾರತಿಗೆ ಬಂದುಹೋಗುವ ವಿದ್ಯಾರ್ಥಿಗಳು ಮನೆಯಲ್ಲಿ ಒಂದು ವಿನ್ಯಾಸವನ್ನೂ, ವಿದ್ಯಾಲಯದಲ್ಲಿ ಮತ್ತೊಂದನ್ನೂ, ಮೊಬೈಲಿನಲ್ಲಿ ಬೇರೊಂದನ್ನೂ ಬಳಸಬೇಕಾಗುತ್ತಿರುವುದನ್ನು ನಾವು ಬಲ್ಲೆವು.

ಮುಖ್ಯವಾಗಿ ಮೂರು ಮಾರ್ಗಗಳು ಪ್ರಚಾರದಲ್ಲಿವೆ. ಮೊದಲನೆಯದು, ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ೧೯೮೬ರಲ್ಲಿ ಮುಂದಿಟ್ಟ ‘ಇನ್‌ಸ್ಕ್ರಿಪ್ಟ್’. ಎರಡನೆಯದು, ಶ್ರೀ ಕೆ. ಪಿ. ರಾವ್ ಅವರು ರೂಪಿಸಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಹರಡಿದ ವಿನ್ಯಾಸ. ಮೂರನೆಯದು, ೧೯೯೮ರಲ್ಲಿ ಹೊರಬಂದ ‘ಬರಹ’ವು ಜನಪ್ರಿಯಗೊಳಿಸಿದ ರೋಮನ್ ಲಿಪ್ಯಂತರಣ.

ಒಂದೊಂದಕ್ಕೂ ಅದರದೇ ಗುಣವುಂಟು. ಇನ್‌ಸ್ಕ್ರಿಪ್ಟ್ ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಹುಮಟ್ಟಿಗೆ ಬಲಗೈಗೂ ಹಂಚುತ್ತದೆ. ಅದನ್ನು ಕಲಿತವನಿಗೆ ತೆಲುಗು, ದೇವನಾಗರಿಗಳೂ ಸುಲಭಸಾಧ್ಯ. ರಾವ್ ಅವರ ವಿನ್ಯಾಸದಲ್ಲಿ ‘ಕನ್ನಡ’ ಎಂಬ ಪದಕ್ಕೆ ಐದೇ ಒತ್ತುಗಳು ಸಾಕು. ಲಿಪ್ಯಂತರಣದಲ್ಲಿ ಏಳು ಬೇಕು. ಆದರೆ ಇಂಗ್ಲಿಷ್ ಬಲ್ಲವನಿಗೆ ಹೊಸ ಅಭ್ಯಾಸದ ಶ್ರಮವಿಲ್ಲ.

ತೊಡಕಿರುವುದು ಇವುಗಳ ಗುಣದೋಷಗಳಲ್ಲಲ್ಲ, ಒಂದರಿಂದೊಂದಕ್ಕೆ ಹಾರುವುದರಲ್ಲಿ. ‘ನುಡಿ’ಗೆ ಪಳಗಿದ ಕೈ ಕೆ, ಎನ್, ಎಫ್, ಎನ್, ಡಬ್ಲ್ಯು ಕೀಲಿಗಳನ್ನೊತ್ತಿ ‘ಕನ್ನಡ’ ಎಂದು ಬರೆಯುತ್ತದೆ. ಅವನ್ನೇ ಇನ್‌ಸ್ಕ್ರಿಪ್ಟಿನಲ್ಲಿ ಒತ್ತಿದರೆ ಮೂಡುವುದು ‘ಕಲಿಲೈ’! ಬೆರಳಿನ ಸ್ಮೃತಿಯು ಬುದ್ಧಿಯ ಆಜ್ಞೆಯನ್ನು ಕಾಯುವುದಿಲ್ಲ.

ಇದರ ಪರಿಣಾಮವು ಕೇವಲ ಬೇಸರವಲ್ಲ. ಬೇಸತ್ತ ವಿದ್ಯಾರ್ಥಿಯು ತನ್ನ ಹಸ್ತಪ್ರತಿಯನ್ನು ಬೆರಳಚ್ಚು ಅಂಗಡಿಗೆ ಒಪ್ಪಿಸುತ್ತಾನೆ. ಅಲ್ಲಿ ಶಾಸನಪಾಠದ ಱಕಾರ ರಕಾರವಾದರೂ, ೞಕಾರ ಳಕಾರವಾದರೂ ಗುರುತಿಸುವವರಾರು? ಚರಿತ್ರೆಯ ಆಧಾರವೇ ಹೀಗೆ ಸದ್ದಿಲ್ಲದೆ ಕೆಡುತ್ತದೆ.

ಎಲ್ಲರಿಗೂ ಒಂದೇ ವಿನ್ಯಾಸವನ್ನು ವಿಧಿಸಬೇಕೆಂಬ ವಾದವನ್ನು ನಾವು ಒಪ್ಪಲಾರೆವು. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಪ್ರತಿಯೊಂದು ಅಕ್ಷರಕ್ಕೂ ನಿಶ್ಚಿತ ಸಂಕೇತವನ್ನು ಕೊಟ್ಟಿದೆ. ಯಾವ ಕೀಲಿಯಿಂದ ಮೂಡಿಸಿದರೂ ಅದರಲ್ಲಿ ಉಳಿಯುವ ಅಕ್ಷರ ಒಂದೇ. ಆದಕಾರಣ ವಿದ್ಯಾಸಂಸ್ಥೆಗಳ ಪ್ರತಿಯೊಂದು ಗಣಕದಲ್ಲಿಯೂ ಮೂರು ವಿನ್ಯಾಸಗಳೂ ಇರಲಿ. ಚಾಲ್ತಿಯಲ್ಲಿರುವುದು ಯಾವುದೆಂದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣಲಿ. ಪ್ರಥಮ ವರ್ಷದಲ್ಲಿಯೇ ವಿದ್ಯಾರ್ಥಿಯು ಒಂದನ್ನು ಆರಿಸಿ ಪಳಗಲಿ. ಕಲಿತ ಕೈಯನ್ನು ಮತ್ತೆ ಮತ್ತೆ ಅನಕ್ಷರಸ್ಥವಾಗಿಸುವ ಸುಧಾರಣೆ ಸುಧಾರಣೆಯೆನಿಸದು.