ಮೂರನೇ ಸುತ್ತಿನ ಮೇಲೆ ಕಣ್ಣಿಡಿ

ಕೋಲಾರದಲ್ಲಿ ಹುಟ್ಟಿ 1964ರ ಟೋಕಿಯೊ ಒಲಿಂಪಿಕ್ಸ್‌ವರೆಗೆ ಹೋದ ಕೆನೆತ್ ಪೊವೆಲ್ ಅವರ ಹೆಸರು ನಮ್ಮ ಕೆ.ಜಿ.ಎಫ್. ಕಡೆಯ ಹಿರಿಯರಿಗೆ ಗೊತ್ತಿರುತ್ತದೆ. ಅವರದು 100, 200 ಮೀಟರ್. ಆ ಓಟವನ್ನು ಸವಿಯಲು ಯಾರೂ ಹೇಳಿಕೊಡಬೇಕಿಲ್ಲ. 800, 1500 ಮೀಟರ್ ಹಾಗಲ್ಲ. ಬೇತಮಂಗಲದಂಥ ಊರಿನ ಶಾಲಾ ಕ್ರೀಡಾಕೂಟದಲ್ಲಿ ಈ ಓಟ ಶುರುವಾಗುತ್ತಿದ್ದಂತೆ ಜನ ಟೀಗೆಂದು ಎದ್ದುಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾಗೆ ಏಳುವವರಿಗಾಗಿಯೇ ಈ ಮಾತು.

ಮೈದಾನದಲ್ಲಿ ಸುಣ್ಣದ ಪುಡಿಯಿಂದ 200 ಮೀಟರಿನ ಟ್ರ್ಯಾಕ್ ಎಳೆದಿದ್ದಾರೆ ಎಂದುಕೊಳ್ಳಿ. 800 ಮೀಟರ್ ಎಂದರೆ ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಕಾಲಿಗೆ ಹೊಸ ಹುರುಪು. ನಾಲ್ಕನೆಯದರಲ್ಲಿ ಗುರಿ ಕಣ್ಣೆದುರಿಗೇ ಇರುತ್ತದೆ. ಮೂರನೆಯದರಲ್ಲಿ ಅದೂ ಇಲ್ಲ, ಇದೂ ಇಲ್ಲ. ಉಸಿರು ಸಾಲದಾಗಿ ತೊಡೆ ಉರಿಯತೊಡಗುವುದು ಅಲ್ಲೇ. ಆಗ ಯಾರು ಮುಂದಿದ್ದಾರೆಂದು ನೋಡಬೇಡಿ, ಹೆಗಲು ನೋಡಿ. ಹೆಗಲು ಕಿವಿಯತ್ತ ಏರುತ್ತಿದೆಯೇ? ಮುಷ್ಟಿ ಬಿಗಿಯಿತೇ? ಹೆಜ್ಜೆ ಗಿಡ್ಡವಾಯಿತೇ? ಇದ್ಯಾವುದೂ ಆಗದೆ ನಾಲ್ಕನೆಯ ಸ್ಥಾನದಲ್ಲಿ ಬರುತ್ತಿರುವ ಹುಡುಗಿಯ ಮೇಲೆ ಕಣ್ಣಿಡಿ.

ಕೊನೆಯಲ್ಲಿ ಆಕೆ ಎಲ್ಲರನ್ನೂ ಹಿಂದೆ ಹಾಕಿದರೆ ಜನ ‘ಏನು ವೇಗ!’ ಎನ್ನುತ್ತಾರೆ. ನಿಜದಲ್ಲಿ ಬಹಳ ಸಲ ಆಕೆ ವೇಗ ಹೆಚ್ಚಿಸಿರುವುದಿಲ್ಲ, ಉಳಿದವರಷ್ಟು ಕುಸಿದಿರುವುದಿಲ್ಲ, ಅಷ್ಟೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನ್ಯಾದ ಡೇವಿಡ್ ರುಡಿಶಾ 800 ಮೀಟರಿನಲ್ಲಿ 1 ನಿಮಿಷ 40.91 ಸೆಕೆಂಡಿನ ವಿಶ್ವದಾಖಲೆ ಬರೆದಾಗಲೂ ಮೊದಲ 400 ಮೀಟರಿಗೆ 49.28 ಸೆಕೆಂಡು, ಎರಡನೆಯದಕ್ಕೆ 51ಕ್ಕೂ ಹೆಚ್ಚು ಹಿಡಿಯಿತು.

ಹಾಗೆಂದು ಮೊದಲೇ ಮುನ್ನುಗ್ಗುವವರನ್ನು ಹಗುರವಾಗಿ ಕಾಣಬೇಡಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ಮೊದಲ 400 ಮೀಟರ್ ಮುಗಿದಾಗ ಎಲ್ಲರಿಗಿಂತ ಮುಂದಿದ್ದವರು ನಮ್ಮ ಶ್ರೀರಾಮ್ ಸಿಂಗ್. ಗೆದ್ದದ್ದು ಕ್ಯೂಬಾದ ಹುವಾಂಟೊರೇನಾ, ವಿಶ್ವದಾಖಲೆಯೊಂದಿಗೆ. ಶ್ರೀರಾಮ್ ಏಳನೆಯವರು. ಆದರೆ ಅವರ ಅಂದಿನ 1 ನಿಮಿಷ 45.77 ಸೆಕೆಂಡು ಭಾರತದ ದಾಖಲೆಯಾಗಿ ಉಳಿದದ್ದು 2018ರವರೆಗೆ! ಪದಕದ ಪಟ್ಟಿಯೊಂದನ್ನೇ ನೋಡುವವರಿಗೆ ಈ ಓಟ ಕಾಣುವುದೇ ಇಲ್ಲ.

ಇನ್ನು ಒಳಗೆರೆಯ ಲೆಕ್ಕ. ದೊಡ್ಡ ಟ್ರ್ಯಾಕಿನಲ್ಲಿ ಎರಡನೇ ಲೇನಿನಲ್ಲೇ ಸುತ್ತಿದರೆ ಸುತ್ತಿಗೆ ಏಳು ಮೀಟರಿಗೂ ಹೆಚ್ಚು ದೂರ ಮೈಮೇಲೆ ಬೀಳುತ್ತದೆ. ಆದ್ದರಿಂದಲೇ ಒಳಗಿನ ಜಾಗಕ್ಕಾಗಿ ಆ ಮೊಣಕೈ ಜಗಳ. ಅವಸರಪಟ್ಟು, ಲೇನು ಬಿಡಲು ಹಾಕಿದ ಗುರುತಿಗೆ ಮೊದಲೇ ಒಳಗೆ ಸರಿದರೆ ಅನರ್ಹತೆ; 1986ರ ಸೋಲ್ ಏಷ್ಯನ್ ಕ್ರೀಡಾಕೂಟದ 800 ಮೀಟರಿನಲ್ಲಿ ನಮ್ಮ ಶೈನಿ ಅಬ್ರಹಾಂ ಅನರ್ಹರಾದದ್ದು ಹೀಗೆಯೇ.

ಇದಿಷ್ಟು ಕಣ್ಣಿಗೆ ಹತ್ತಿದ ಮೇಲೆ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರ ಓಟದ ವಿಡಿಯೊ ಹುಡುಕಿ ನೋಡಿ. ದೃಷ್ಟಿಯಿಲ್ಲದ ರಕ್ಷಿತಾ ಓಡುವುದು ಟಿ11 ವಿಭಾಗದ 1500 ಮೀಟರ್. ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 2018ರಲ್ಲಿ ಜಕಾರ್ತದಲ್ಲಿ ಚಿನ್ನ, 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್. ಇಲ್ಲಿ ಗೈಡ್ ರನ್ನರ್ ಜೊತೆಗೆ ಓಡುತ್ತಾರೆ, ಇಬ್ಬರ ಕೈಗೂ ಒಂದು ಸಣ್ಣ ಪಟ್ಟಿ. ಪ್ಯಾರಿಸ್‌ನಲ್ಲಿ ಜೊತೆಗಿದ್ದ ರಾಹುಲ್ ಬಾಲಕೃಷ್ಣ ರಕ್ಷಿತಾ ಅವರ ತರಬೇತುದಾರರೂ ಹೌದು. ಗೈಡ್ ಎಳೆಯುವಂತಿಲ್ಲ, ಗುರಿಯನ್ನು ಓಟಗಾರ್ತಿಗಿಂತ ಮೊದಲು ದಾಟುವಂತಿಲ್ಲ; ತಿರುವು ಬಂತು, ಹಿಂದೆ ಯಾರಿದ್ದಾರೆ, ಇನ್ನೆಷ್ಟು ದೂರ ಎಂಬುದನ್ನೆಲ್ಲ ಓಡುತ್ತಲೇ ಹೇಳುತ್ತಿರಬೇಕು. ಇಬ್ಬರೂ ಅಕ್ಕಪಕ್ಕ ಓಡುವುದರಿಂದ ಮುಂದಿನ ಜೋಡಿಯನ್ನು ದಾಟುವಾಗ ಇನ್ನಷ್ಟು ಹೊರಗೆ ಸರಿಯಬೇಕಾಗುತ್ತದೆ. ಇಬ್ಬರ ತೋಳುಗಳನ್ನು ನೋಡಿ: ದಣಿವು ಏರಿದಾಗಲೂ ಅವು ಒಂದೇ ಲಯದಲ್ಲಿ ಬೀಸುತ್ತಿದ್ದರೆ ಆ ಜೋಡಿಯ ವರ್ಷಗಳ ಅಭ್ಯಾಸ ನಿಮಗೆ ಕಾಣಿಸುತ್ತಿದೆ ಎಂದರ್ಥ. ನನ್ನ ಮಟ್ಟಿಗೆ ಈ ಓಟದಲ್ಲಿ ಇದಕ್ಕಿಂತ ಚೆಂದದ ನೋಟವಿಲ್ಲ.

ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋದಿರೆಂದರೆ ಎಲ್ಲರಂತೆ ಗುರಿಗೆರೆಯ ಬಳಿ ಕೂರಬೇಡಿ. ಎದುರು ಬದಿಗೆ, 200 ಮೀಟರ್ ಓಟ ಶುರುವಾಗುವ ಜಾಗದ ಹತ್ತಿರ ಹೋಗಿ. 800 ಮೀಟರಿನವರು ಎರಡನೇ ಸಲ ಅಲ್ಲಿಗೆ ಬಂದಾಗ 600 ಮುಗಿದಿರುತ್ತದೆ. ಫೋನಿನ ಸ್ಟಾಪ್‌ವಾಚ್ ಒತ್ತಿ, ಆಮೇಲೆ ಹೆಗಲು ನೋಡಿ.