ಸಸ್ಯಗಳ ಸ್ಥಳಾಂತರ: ಎಣಿಕೆಯೂ ಸಂತತಿಯೂ

ಅಳಿವಿನಂಚಿಗೆ ಬಂದ ಗಿಡವನ್ನು ಬೇರೊಂದು ನೆಲದಲ್ಲಿ ನೆಟ್ಟು ಉಳಿಸಿಕೊಳ್ಳಬಹುದೆಂಬ ಭರವಸೆ ಈಗ ಹಲವು ದೇಶಗಳಲ್ಲಿ ಬಲಗೊಂಡಿದೆ. ಈ ಕಾರ್ಯಕ್ಕೆ ಶಾಸ್ತ್ರೀಯ ಚೌಕಟ್ಟನ್ನು ಒದಗಿಸಿದ ಬರೆಹಗಳಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2013ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಮುಖ್ಯವಾದುದು. ಅಪಾಯವನ್ನು ನಂಬಿಕೆಯಿಂದ ಅಳೆಯಲಾಗದಿದ್ದಲ್ಲಿ ಜೀವಿಯನ್ನು ಅದರ ಮೂಲನೆಲೆಯ ಹೊರಕ್ಕೆ ಒಯ್ಯಲಾಗದೆಂಬ ಅದರ ಎಚ್ಚರಿಕೆ ಶ್ಲಾಘನೀಯವೇ ಸರಿ. ಆದರೆ ಪ್ರಾಣಿಗಳಿಗೂ ಸಸ್ಯಗಳಿಗೂ ಸಮಾನವಾದ ಸೂತ್ರಗಳನ್ನು ಹೇಳಹೊರಟುದರಿಂದ ಸಸ್ಯಗಳದೇ ಆದ ಒಂದು ವಿಶೇಷಕ್ಕೆ ಅಲ್ಲಿ ಸಲ್ಲಬೇಕಾದಷ್ಟು ಸ್ಥಾನ ಸಂದಿಲ್ಲ. ಒಂದು ಗಿಡದ ಕುಡಿಯಿಂದಲೇ ಸಾವಿರ ಗಿಡಗಳನ್ನು ಮಾಡಬಹುದು. ಸಂಖ್ಯೆ ನಮ್ಮನ್ನು ವಂಚಿಸುವುದು ಇಲ್ಲಿಯೇ.

ಪಶ್ಚಿಮ ಆಸ್ಟ್ರೇಲಿಯದ ಕೊರಿಜಿನ್ ಸೀಮೆಯ 'ಗ್ರೆವಿಲಿಯ ಸ್ಕ್ಯಾಪಿಜೆರ' ಎಂಬ ಪೊದೆಗಿಡದ ಕಥೆ ಇದಕ್ಕೆ ನಿದರ್ಶನ. 10 ತಾಯಿಗಿಡಗಳನ್ನು ಆರಿಸಿ, ಅಂಗಾಂಶ ಕೃಷಿಯಿಂದ ಸಸಿಗಳನ್ನು ಎಬ್ಬಿಸಿ ನೆಡಲಾಯಿತು. ಅವು ಹೂತು ಬೀಜವನ್ನೂ ಕೊಟ್ಟವು. ಆದರೆ 2002ರಲ್ಲಿ ಕ್ರಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ ಅಲ್ಲಿದ್ದುದು ಕೇವಲ 8 ತಾಯಿಗಿಡಗಳ ಪ್ರತಿರೂಪಗಳೆಂದು ತಿಳಿದುಬಂದಿತು. ನೆಟ್ಟವುಗಳಲ್ಲಿ ನೂರಕ್ಕೆ 54 ಒಂದೇ ತಾಯಿಗಿಡದ ಪ್ರತಿರೂಪಗಳು; ಬೀಜಗಳಲ್ಲಿ ನೂರಕ್ಕೆ 85 ನಾಲ್ಕೇ ಮೂಲಗಳಿಂದ ಬಂದವು. ಹೊರನೋಟಕ್ಕೆ ಹಸುರಾಗಿದ್ದ ತೋಟದ ಮೂಲಧನವು ಮೊದಲ ಪೀಳಿಗೆಯಲ್ಲಿಯೇ ಕರಗತೊಡಗಿತ್ತು.

ಇದು ಒಂದೂರಿನ ಕಥೆಯಷ್ಟೇ ಅಲ್ಲ. 249 ಜಾತಿಗಳ ಮರುನೆಡುವಿಕೆಯನ್ನು ಪರಿಶೀಲಿಸಿದ 2011ರ ಒಂದು ಅಧ್ಯಯನದಂತೆ ಬದುಕಿ ಉಳಿದವು ಸರಾಸರಿ ನೂರಕ್ಕೆ 52, ಹೂವಾದವು 19, ಕಾಯಾದವು 16. ಮೊದಲನೆಯ ಅಂಕಿಯನ್ನು ಮಾತ್ರ ನೋಡುವವನಿಗೆ ಅರ್ಧ ಗೆಲವು. ಕೊನೆಯದನ್ನು ನೋಡುವವನಿಗೆ ಬಹುಪಾಲು ಸೋಲು.

ಕನ್ನಡನಾಡಿಗೂ ಈ ವಿಚಾರ ದೂರದ್ದಲ್ಲ. ಗೇರಿನ ಬಳಗಕ್ಕೆ ಸೇರಿದ 'ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂಬ ಮರವು ಉತ್ತರ ಕನ್ನಡದ ಕತ್ತಲೆಕಾನಿನ ಹೆಸರನ್ನು ಹೊತ್ತು 2000ದಲ್ಲಿ ವಿಜ್ಞಾನಲೋಕಕ್ಕೆ ಪರಿಚಿತವಾಯಿತು. ಅದರ ನೆಲೆ ರಾಮಪತ್ರೆಯ ಜಡ್ಡಿ. ಆ ಜಡ್ಡಿಯ ರಾಮಪತ್ರೆ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಸಸಿಗಳನ್ನು ಬೇರೆಡೆಗೆ ಒಯ್ಯಬಹುದು. ವರ್ಷವಿಡೀ ಬತ್ತದ ನೀರನ್ನೂ, ಬೀಜವನ್ನು ಹೊತ್ತೊಯ್ಯುವ ಮಂಗಟ್ಟೆಹಕ್ಕಿಯನ್ನೂ ಒಯ್ಯುವುದೆಂತು?

ಸ್ಥಳಾಂತರವು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಬೇರೆ ದಾರಿಯೇ ಇಲ್ಲದಾಗ ಅದು ಕೊನೆಯ ಆಸರೆ. ಆದರೆ ಬೇರೆಡೆ ನೆಟ್ಟುಕೊಡುತ್ತೇವೆಂಬ ಆಶ್ವಾಸನೆಯು ಮೂಲದ ಕಾನನ್ನು ಕಡಿಯಲು ಪರವಾನಗಿಯಾಗಕೂಡದು. ನೆಟ್ಟ ಸಸಿ ಬದುಕುವುದು ಬೇರೆ, ನೆಲೆಯೂರುವುದು ಬೇರೆ. ಅದರ ಬೀಜವು ಯಾರೂ ಬಿತ್ತದೆ ಮೊಳೆತು, ಆ ಮೊಳಕೆ ಮತ್ತೆ ಕಾಯಿಬಿಟ್ಟ ದಿನವೇ ಕಾರ್ಯ ಸಫಲವಾಯಿತೆನ್ನಬೇಕು.