ಕ್ಲೈವನ ಬಾಣಸಿಗರೂ ಕುರಿಕೊಬ್ಬಿನ ಪಾತೆಯೂ

ಈ ವಾರ ಮೋಲಿಯೇರ್ ಬಗ್ಗೆ ಬರೆಯುತ್ತೇನೆಂದು ಸಂಪಾದಕರಿಗೆ ಮಾತು ಕೊಟ್ಟಿದ್ದೆ. 1650ರ ದಶಕದಲ್ಲಿ ಆತನ ನಾಟಕ ಮಂಡಳಿ ದಕ್ಷಿಣ ಫ್ರಾನ್ಸಿನ ಪೆಜೆನಾಸ್‌ನಲ್ಲಿ ಕೊಂಟಿಯ ರಾಜಕುಮಾರನ ಆಶ್ರಯ ಪಡೆದಿತ್ತು. ಜೆಲಿ ಎಂಬ ಕ್ಷೌರಿಕನ ಅಂಗಡಿಯಲ್ಲಿ ಕೂತು, ಗಿರಾಕಿಗಳ ಹರಟೆಯಿಂದ ಪಾತ್ರಗಳನ್ನು ಹೆಕ್ಕಿಕೊಳ್ಳುತ್ತಿದ್ದನೆಂದು ಊರವರ ಅಂಬೋಣ. ಇರಲಿ, ಮೋಲಿಯೇರ್ ಕಾಯುತ್ತಾನೆ. ಅದೇ ಊರಿನ ಪಾತೆಯ ವಿಷಯದಲ್ಲಿ ನನ್ನದೊಂದು ಹಳೆಯ ತಕರಾರಿದೆ.

ಅದಕ್ಕೆ ಮುಂಚೆ ಊರಿನ ಕುದುರೆಮರಿಗೆ ಎರಡು ಮಾತು ಸಲ್ಲಬೇಕು. 1226ರಲ್ಲಿ ಎಂಟನೆಯ ಲೂಯಿ ತನ್ನ ಮೆಚ್ಚಿನ ಹೆಣ್ಣುಕುದುರೆಗೆ ಕಾಯಿಲೆಯಾಯಿತೆಂದು ಇಲ್ಲಿ ಬಿಟ್ಟುಹೋದನಂತೆ. ಮರಳಿ ಬಂದು ನೋಡಿದರೆ ಅದು ಗುಣವಾಗಿ, ಪಕ್ಕದಲ್ಲಿ ಮರಿಯೂ ನಿಂತಿತ್ತಂತೆ. ಆ ನೆನಪಿಗೆ ಮರದ ಚೌಕಟ್ಟಿಗೆ ನೀಲಿ ಬಟ್ಟೆ ಹೊದಿಸಿದ ದೊಡ್ಡ ಮರಿಯೊಂದು ಜಾತ್ರೆಯ ದಿನಗಳಲ್ಲಿ ಬೀದಿಗಿಳಿದು ಕುಣಿಯುತ್ತದೆ. ನಮ್ಮ ಕೀಲುಕುದುರೆಯ ದಾಯಾದಿ ಎನ್ನಿ, ಆದರೆ ಹೊರಲು ಒಬ್ಬನಲ್ಲ, ಒಂದು ದಂಡೇ ಬೇಕು. ಬೆಲ್ಜಿಯಂ-ಫ್ರಾನ್ಸ್‌ಗಳ ಇಂಥ ಮೆರವಣಿಗೆ ಬೊಂಬೆಗಳ ಜೊತೆ ಇದಕ್ಕೂ 2005ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು.

ಈಗ ಪಾತೆ. ದಾರದ ರೀಲಿನ ಆಕಾರ, ಎರಡು ಮೂರು ತುತ್ತಿನಷ್ಟು ಗಾತ್ರ. ಗರಿಗರಿ ಹಿಟ್ಟಿನ ಗೋಡೆಯೊಳಗೆ ಸಣ್ಣಗೆ ಕೊಚ್ಚಿದ ಕುರಿಮಾಂಸ, ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು, ಕಂದು ಸಕ್ಕರೆ, ನಿಂಬೆ ಸಿಪ್ಪೆಯ ತುರಿ. ಭಾರತ ಬಿಟ್ಟುಹೋದ ರಾಬರ್ಟ್ ಕ್ಲೈವ್ ಆರೋಗ್ಯ ಸುಧಾರಿಸಿಕೊಳ್ಳಲು 1768ರಲ್ಲಿ ಇಲ್ಲಿ ತಂಗಿದ್ದ. ಅವನ ಭಾರತೀಯ ಬಾಣಸಿಗರೇ ಈ ಪಾಕವನ್ನು ಊರಿನವರಿಗೆ ಕಲಿಸಿದರೆಂದು ಪ್ರತೀತಿ. ನಮ್ಮವರಿಗೆ ಇಷ್ಟು ಸಿಕ್ಕರೆ ಸಾಕಲ್ಲ! ಜಗತ್ತಿನ ಯಾವ ಮೂಲೆಯ ತಿಂಡಿಯ ಮುಚ್ಚಳ ತೆಗೆದರೂ ಒಳಗೆ ಭಾರತವನ್ನೇ ಕಾಣುವ ಪಂಡಿತರ ಪಂಗಡವೊಂದಿದೆ. ಅವರೊಡನೆ ನನ್ನದು ಮುಗಿಯದ ವ್ಯಾಜ್ಯ.

ಅವರು ಒಮ್ಮೆ ಹನ್ನಾ ಗ್ಲಾಸ್ ಬರೆದ 1747ರ ಇಂಗ್ಲಿಷ್ ಅಡುಗೆ ಪುಸ್ತಕ ತೆರೆಯಲಿ. ಅಲ್ಲಿ ಮಿನ್ಸ್ ಪೈ ಇದೆ: ಅದೇ ಗಟ್ಟಿ ಕೊಬ್ಬು, ಸಕ್ಕರೆ, ಒಣಹಣ್ಣು; ಮಾಂಸ ಬೇಕಾದವರು ಹಾಕಿಕೊಳ್ಳಬಹುದು. ಅದೇ ಪುಸ್ತಕದಲ್ಲಿ ಭಾರತದ ರೀತಿಯ ‘ಕರಿ’ಯೂ ಇದೆ, ಅದಕ್ಕೆ ಬೀಳುವುದು ಮೆಣಸು ಮತ್ತು ಕೊತ್ತಂಬರಿ ಬೀಜ. ಲಂಡನ್ನಿನ ಹೆಂಗಸಿಗೇ ನೆನಪಾದ ಕೊತ್ತಂಬರಿ ಭಾರತದಿಂದ ಬಂದ ಬಾಣಸಿಗನಿಗೆ ಮರೆತುಹೋಯಿತೇ? ಮಾಂಸದ ಜೊತೆ ಸಕ್ಕರೆ ನಮ್ಮ ಕಡೆಯ ಷಾಹಿ ಅಡುಗೆಗಳಲ್ಲೂ ಉಂಟು, ಒಪ್ಪುತ್ತೇನೆ. ಆದರೆ ಕೊಬ್ಬು, ಸಕ್ಕರೆ, ಹಿಟ್ಟಿನ ಗೋಡೆ ಮೂರೂ ಒಟ್ಟಿಗೆ ಬಂದರೆ ನನ್ನ ಮತ ಇಂಗ್ಲಿಷ್ ಅಡುಗೆಮನೆಗೇ. ಒಲೆಯ ಮುಂದೆ ನಿಂತವರು ನಮ್ಮವರೇ ಇದ್ದಿರಬಹುದು. ಪಾಕ ಮಾತ್ರ ಯಜಮಾನನ ನಾಲಿಗೆಯದು. ಕ್ಲೈವ್ ನಮ್ಮಿಂದ ಹೊತ್ತೊಯ್ದದ್ದರ ಪಟ್ಟಿ ಉದ್ದವಿದೆ, ಅದಕ್ಕೆ ಈ ಪಾತೆಯನ್ನೂ ಸೇರಿಸುವುದು ಬೇಡ.

ಪೆಜೆನಾಸ್‌ನವರು ಈ ವಾದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಪಾತೆ ಬಿಸಿಯಾಗಿರಬೇಕು ಎಂಬುದಷ್ಟೇ ಅವರ ಹಟ. ಅದರಲ್ಲಿ ನನ್ನ ತಕರಾರಿಲ್ಲ: ಆರಿದರೆ ಕುರಿಕೊಬ್ಬು ಅಂಗುಳಿಗೆ ಅಂಟಿಕೊಳ್ಳುತ್ತದೆ, ನಿಂಬೆಯ ಘಮವೂ ಏಳುವುದಿಲ್ಲ.